ನಡುವೆ ನಿಲ್ಲಿಸಿದ ಒಂದು ಪರೀಕ್ಷೆ: ಮರಳಿ ಬಂದ ಮಕ್ಕಳ ರಕ್ತ ಕ್ಯಾನ್ಸರಿಗೆ ಹಳೆಯ ಕೀಮೋ ಮತ್ತು ಹೊಸ ಬ್ಲಿನಾ

2019ರ ಸೆಪ್ಟೆಂಬರಿನಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಡೆಯುತ್ತಿದ್ದ ಒಂದು ದೊಡ್ಡ ಔಷಧ ಪರೀಕ್ಷೆ ಅರ್ಧ ದಾರಿಯಲ್ಲಿ ನಿಂತಿತು. ಅದರಲ್ಲಿ 155 ಆಸ್ಪತ್ರೆಗಳು ಸೇರಿದ್ದವು. ಐದು ವರ್ಷದಿಂದ ಅಲ್ಲಿ ಒಂದು ರೀತಿಯಲ್ಲಿ ಚೀಟಿ ಎತ್ತುವ ಕೆಲಸ ನಡೆಯುತ್ತಿತ್ತು. ರಕ್ತ ಕ್ಯಾನ್ಸರ್ ಮರಳಿ ಬಂದ ಮಕ್ಕಳಲ್ಲಿ ಯಾರಿಗೆ ಹಳೆಯ ಕೀಮೋ, ಯಾರಿಗೆ ಹೊಸ ಔಷಧ ಅಂತ ಕಂಪ್ಯೂಟರ್ ಹೇಳುತ್ತಿತ್ತು. ಪರೀಕ್ಷೆಯ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸುರಕ್ಷತಾ ಸಮಿತಿ ಅಂಕಿ ಅಂಶ ನೋಡಿ, ಇನ್ನು ಚೀಟಿ ಎತ್ತುವುದು ಬೇಡ ಎಂದಿತು.

ಈ ಪರೀಕ್ಷೆಯ ಹೆಸರು ಎ.ಎ.ಎಲ್.ಎಲ್. 1331. ನಡೆಸಿದವರು ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ ಎಂಬ ವೈದ್ಯರ ಒಕ್ಕೂಟ. ಹೊಸ ಔಷಧ ಗೆದ್ದಿತು ಅಂತ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದನ್ನು ನಾನು ತುಂಬಾ ಕಡೆ ನೋಡಿದ್ದೇನೆ. ಆ ಮಾತು ತಪ್ಪಲ್ಲ. ಆದರೆ ಹೊಸದು ಯಾವ ಜಾಗದಲ್ಲಿ ಗೆದ್ದಿತು, ಹಳೆಯದು ಎಲ್ಲಿ ಸೋತಿತು ಅನ್ನುವುದು ಆ ಒಂದು ಸಾಲಿನಲ್ಲಿ ಕಾಣುವುದೇ ಇಲ್ಲ. ಮಗುವಿನ ತಂದೆ ತಾಯಿಗೆ ಬೇಕಾಗಿರುವುದು ಅದೇ ಅಲ್ವಾ?

ಕಾಯಿಲೆ ಯಾವುದು

ಮಕ್ಕಳಿಗೆ ಬರುವ ರಕ್ತ ಕ್ಯಾನ್ಸರಿನಲ್ಲಿ ಜಾಸ್ತಿ ಕಾಣುವುದು ಎ.ಎಲ್.ಎಲ್., ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯೂಕೀಮಿಯಾ. ಅದರಲ್ಲೂ ಬಿ ಕಣ ಎಂಬ ಬಿಳಿ ರಕ್ತ ಕಣಗಳ ಬಗೆಯೇ ಹೆಚ್ಚು. ಒಳ್ಳೆಯ ಸೌಕರ್ಯ ಇರುವ ದೇಶಗಳಲ್ಲಿ ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಇದರಿಂದ ಪಾರಾಗುತ್ತಾರೆ. ಕಷ್ಟ ಇರುವುದು ಕಾಯಿಲೆ ವಾಪಸ್ ಬಂದವರದ್ದು. ಎರಡು ಮೂರು ವರ್ಷ ಔಷಧ ಮುಗಿಸಿ, ಕೂದಲು ಬೆಳೆದು, ಮಗು ಶಾಲೆಗೆ ಹೋಗುತ್ತಿರುವಾಗ ಒಂದು ದಿನ ಕೌಂಟ್ ಏರುಪೇರಾಗುತ್ತದೆ. ಮತ್ತೆ ಬೋನ್ ಮ್ಯಾರೋ ಪರೀಕ್ಷೆ, ಮತ್ತೆ ಅದೇ ವಾರ್ಡು.

ಮರಳಿ ಬಂದ ಎಲ್ಲ ಕಾಯಿಲೆಯೂ ಒಂದೇ ತೂಕದ್ದಲ್ಲ. ವೈದ್ಯರು ಮೊದಲು ಕೇಳುವುದು ಎರಡು ಪ್ರಶ್ನೆ. ಮೊದಲ ಸಲ ಪತ್ತೆಯಾದ ದಿನದಿಂದ ಎಷ್ಟು ತಿಂಗಳಿಗೆ ಮರಳಿತು? ಎಲ್ಲಿಗೆ ಮರಳಿತು, ಮೂಳೆಯೊಳಗಿನ ಮಜ್ಜೆಗೋ, ಮಿದುಳಿನ ಸುತ್ತಲ ನೀರಿಗೋ, ಗಂಡು ಮಕ್ಕಳಾದರೆ ವೃಷಣಕ್ಕೋ? ಮಜ್ಜೆಯಲ್ಲಿ 36 ತಿಂಗಳೊಳಗೆ ಮರಳಿದರೆ ಅಪಾಯ ಹೆಚ್ಚು. ಅದಕ್ಕಿಂತ ತಡವಾಗಿ ಮರಳಿದರೆ ಸ್ವಲ್ಪ ಉಸಿರಾಡಲು ಜಾಗ ಇದೆ.

ಆಮೇಲೆ ಬರುವುದು ಎಂ.ಆರ್.ಡಿ. ಸೂಕ್ಷ್ಮದರ್ಶಕದಲ್ಲಿ ಕಾಯಿಲೆ ಕಾಣದಿದ್ದರೂ ಎಲ್ಲೋ ಅಡಗಿ ಉಳಿದ ಕಣಗಳ ಲೆಕ್ಕ ಇದು. ಮೊರದಲ್ಲಿ ಅಕ್ಕಿ ಕೇರಿ, ಕಲ್ಲು ಆರಿಸಿ, ಆಯಿತು ಅಂದುಕೊಂಡ ಮೇಲೂ ಹಲ್ಲಿಗೆ ಒಂದು ಕಲ್ಲು ಸಿಗುತ್ತದಲ್ಲ, ಹಾಗೆ. ಸಾವಿರ ಕಣದಲ್ಲಿ ಒಂದು ಸಿಕ್ಕರೆ ಶೇ 0.1. ಹತ್ತು ಸಾವಿರದಲ್ಲಿ ಒಂದಾದರೆ ಶೇ 0.01.

ಪರೀಕ್ಷೆ ನಡೆದ ಬಗೆ

2014ರ ಡಿಸೆಂಬರಿನಲ್ಲಿ ಮಕ್ಕಳನ್ನು ಸೇರಿಸಿಕೊಳ್ಳಲು ಶುರು ಮಾಡಿದರು. ವಯಸ್ಸು 1ರಿಂದ 30. ಮಕ್ಕಳ ಜೊತೆ ಹರೆಯದವರೂ ಇದ್ದರು. ಎಲ್ಲರಿಗೂ ಮೊದಲ ನಾಲ್ಕು ವಾರ ಒಂದೇ ಚಿಕಿತ್ಸೆ: ಡೆಕ್ಸಾಮೆಥಾಸೋನ್, ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್, ಮೈಟೋಕ್ಸಾಂಟ್ರೋನ್. ಕೊನೆಯದು ಶಾಯಿಯಂಥ ಗಾಢ ನೀಲಿ ಔಷಧ. ಕೊಟ್ಟ ಮೇಲೆ ಒಂದೆರಡು ದಿನ ಮಗುವಿನ ಮೂತ್ರ ನೀಲಿ ಹಸಿರು ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳದಿದ್ದರೆ ತಾಯಂದಿರು ಹೆದರಿಬಿಡುತ್ತಾರೆ.

ಆ ನಾಲ್ಕು ವಾರ ಕಳೆದ ಮೇಲೆ ಯಾರ ಕಾಯಿಲೆ ಎಷ್ಟು ಬಗ್ಗಿದೆ ಅಂತ ನೋಡಿ ಗುಂಪು ಮಾಡಿದರು. ಹೆಚ್ಚು ಮತ್ತು ಮಧ್ಯಮ ಅಪಾಯದ 208 ಮಂದಿಯನ್ನು ಎರಡು ಪಾಲು ಮಾಡಲಾಯಿತು. 103 ಮಂದಿಗೆ ಎರಡು ಸುತ್ತು ಗಟ್ಟಿ ಕೀಮೋ, 105 ಮಂದಿಗೆ ಎರಡು ಸುತ್ತು ಬ್ಲಿನಾಟುಮೊಮ್ಯಾಬ್. ಇವರ ವಯಸ್ಸಿನ ಮಧ್ಯಬಿಂದು 9 ವರ್ಷ. ಗುರಿ ಇಬ್ಬರಿಗೂ ಒಂದೇ. ಎರಡು ಸುತ್ತು ಮುಗಿಸಿ, ಕಾಯಿಲೆಯನ್ನು ಆದಷ್ಟು ಕೆಳಗೆ ಇಳಿಸಿ, ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್‌ಗೆ, ಅಂದರೆ ಇನ್ನೊಬ್ಬರ ಒಳ್ಳೆಯ ಮಜ್ಜೆ ಕೂಡಿಸುವ ಚಿಕಿತ್ಸೆಗೆ, ತಲುಪಿಸುವುದು.

ಕೀಮೋ ಗುಂಪಿನ ದಾರಿ ಬ್ರಿಟನ್ನಿನ ವೈದ್ಯರು ಹಾಕಿಕೊಟ್ಟದ್ದು. ಜಾಸ್ತಿ ಡೋಸ್ ಮೆಥೋಟ್ರೆಕ್ಸೇಟ್, ಜಾಸ್ತಿ ಡೋಸ್ ಸೈಟರಬಿನ್, ಸೈಕ್ಲೋಫಾಸ್ಫಮೈಡ್, ಇಟೊಪೊಸೈಡ್ ಎಲ್ಲ ಇದರಲ್ಲಿ ಇವೆ. ಇದು ಕೆಟ್ಟ ಚಿಕಿತ್ಸೆ ಅಂತ ಯಾರೂ ಅಂದುಕೊಳ್ಳಬಾರದು. ಎಷ್ಟೋ ಮಕ್ಕಳನ್ನು ಉಳಿಸಿದ ಚಿಕಿತ್ಸೆ ಇದು, ಈಗಲೂ ಉಳಿಸುತ್ತಿದೆ. ಆದರೆ ಕೀಮೋಗೆ ಕಣ್ಣಿಲ್ಲ. ಬೇಗ ಬೆಳೆಯುವ ಕಣ ಯಾವುದಿದ್ದರೂ ಹೊಡೆಯುತ್ತದೆ. ಕ್ಯಾನ್ಸರ್ ಕಣದ ಜೊತೆ ಬಾಯಿಯ ಒಳಪದರ, ಕರುಳು, ಸೋಂಕನ್ನು ತಡೆಯುವ ಬಿಳಿ ಕಣ ಎಲ್ಲವೂ ಬೀಳುತ್ತವೆ.

ಒಂದು ತಿಂಗಳು ಹೆಗಲಿಗೆ ಚೀಲ

ಬ್ಲಿನಾಟುಮೊಮ್ಯಾಬ್ ಅನ್ನುವುದು ಬಾಯಿಗೆ ಉದ್ದದ ಹೆಸರು. ವಾರ್ಡಿನಲ್ಲಿ ಎಲ್ಲರೂ ಬ್ಲಿನಾ ಅಂತಲೇ ಅನ್ನುತ್ತಾರೆ. ಇದು ಕೀಮೋ ಅಲ್ಲ. ಎರಡು ಕೈಯ ಒಂದು ಪುಟ್ಟ ಪ್ರೋಟೀನ್. ಒಂದು ಕೈ ಬಿ ಕಣದ ಮೇಲಿರುವ ಸಿ.ಡಿ.19 ಎಂಬ ಗುರುತನ್ನು ಹಿಡಿಯುತ್ತದೆ. ಇನ್ನೊಂದು ಕೈ ನಮ್ಮದೇ ಟಿ ಕಣವನ್ನು ಹಿಡಿಯುತ್ತದೆ. ಟಿ ಕಣ ನಮ್ಮ ಮೈಯ ಕಾವಲುಗಾರ, ಆದರೆ ಕ್ಯಾನ್ಸರ್ ಕಣವನ್ನು ನಮ್ಮವನೇ ಅಂದುಕೊಂಡು ಬಿಟ್ಟಿರುತ್ತದೆ. ಬ್ಲಿನಾ ಇಬ್ಬರನ್ನೂ ಎದುರು ಬದುರು ತಂದು ನಿಲ್ಲಿಸುತ್ತದೆ. ಮುಂದಿನ ಕೆಲಸ ಟಿ ಕಣದ್ದು.

ಒಂದು ತೊಡಕಿದೆ. ಈ ಪ್ರೋಟೀನ್ ತೀರಾ ಚಿಕ್ಕದು, ಕೆಲವೇ ಗಂಟೆಯಲ್ಲಿ ರಕ್ತದಿಂದ ಹೊರಟುಹೋಗುತ್ತದೆ. ಹಾಗಾಗಿ ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಲು ಆಗುವುದಿಲ್ಲ. 28 ದಿನ, ಹಗಲು ರಾತ್ರಿ, ಪಂಪಿನಿಂದ ಹನಿ ಹನಿಯಾಗಿ ಹೋಗುತ್ತಿರಬೇಕು. ಶುರುವಿನ ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುತ್ತಾರೆ. ಆಮೇಲೆ ಔಷಧದ ಚೀಲ, ಪಂಪ್ ಎರಡನ್ನೂ ಒಂದು ಚಿಕ್ಕ ಬ್ಯಾಗಿನಲ್ಲಿ ಹಾಕಿ ಮಗುವಿನ ಹೆಗಲಿಗೆ ಕೊಟ್ಟು ಮನೆಗೆ ಕಳಿಸುವುದುಂಟು. ಮಗು ಅದನ್ನು ಹೊತ್ತುಕೊಂಡೇ ಊಟ ಮಾಡುತ್ತದೆ, ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತದೆ.

ಡೋಸ್ ಎಷ್ಟು ಗೊತ್ತಾ? ಮೈಯ ಒಂದು ಚದರ ಮೀಟರ್ ಮೇಲ್ಮೈಗೆ ದಿನಕ್ಕೆ 15 ಮೈಕ್ರೋಗ್ರಾಂ. ಒಂಬತ್ತು ವರ್ಷದ ಮಗುವಿನ ಮೈ ಹೆಚ್ಚು ಕಡಿಮೆ ಒಂದು ಚದರ ಮೀಟರ್. ಅಂದರೆ 28 ದಿನಕ್ಕೆ ಸುಮಾರು 420 ಮೈಕ್ರೋಗ್ರಾಂ, ಅರ್ಧ ಮಿಲಿಗ್ರಾಂಗಿಂತ ಕಡಿಮೆ. ಒಂದು ಸಾಸಿವೆ ಕಾಳಿನ ತೂಕವೂ ಇಲ್ಲ. ಅಷ್ಟು ಕಡಿಮೆ ಇರುವುದರಿಂದಲೇ ನರ್ಸ್‌ಗಳು ಇದರ ವಿಷಯದಲ್ಲಿ ತುಂಬಾ ಎಚ್ಚರ. ಬೇರೆ ಔಷಧ ಕೊಟ್ಟ ಮೇಲೆ ಲೈನಿಗೆ ಸಲೈನ್ ತಳ್ಳಿ ತೊಳೆಯುವುದು ಅಭ್ಯಾಸ. ಬ್ಲಿನಾ ಹೋಗುತ್ತಿರುವ ಲೈನನ್ನು ಹಾಗೆ ತೊಳೆಯುವಂತಿಲ್ಲ. ಕೊಳವೆಯಲ್ಲಿ ನಿಂತಿರುವ ಔಷಧ ಒಮ್ಮೆಗೇ ಮೈಗೆ ಹೋಗಿಬಿಡುತ್ತದೆ.

ಅಡ್ಡ ಪರಿಣಾಮ ಇಲ್ಲ ಅಂತಲ್ಲ. ಟಿ ಕಣಗಳು ಒಟ್ಟಿಗೆ ಎದ್ದಾಗ ಜ್ವರ ಬರಬಹುದು, ಬಿ.ಪಿ. ಇಳಿಯಬಹುದು. ಈ ಪರೀಕ್ಷೆಯಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಹಾಗಾಯಿತು. ಕೆಲವರಿಗೆ ಮಂಕು ಕವಿಯಿತು, ಕೆಲವೇ ಮಂದಿಗೆ ಫಿಟ್ಸ್ ಬಂತು. ಇದನ್ನು ಬೇಗ ಹಿಡಿಯಲು ಬಹಳ ಕಡೆ ಒಂದು ಸರಳ ಉಪಾಯ ಮಾಡುತ್ತಾರೆ. ಮಗುವಿನ ಕೈಯಲ್ಲಿ ದಿನಾ ಒಂದು ವಾಕ್ಯ ಬರೆಸುತ್ತಾರೆ, ಅದೇ ಹಾಳೆಯ ಮೇಲೆ, ಒಂದರ ಕೆಳಗೆ ಒಂದು. ಅಕ್ಷರ ಇದ್ದಕ್ಕಿದ್ದಂತೆ ಸೊಟ್ಟಗಾದರೆ ಡಾಕ್ಟರಿಗೆ ಕರೆ ಹೋಗುತ್ತದೆ.

ಫಲಿತಾಂಶ

2021ರ ಮಾರ್ಚಿನಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಹೊರಬಂತು. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮತ್ತೆ ಬಾರದೆ ಬದುಕಿದ್ದವರು ಬ್ಲಿನಾ ಗುಂಪಿನಲ್ಲಿ ಶೇ 54.4, ಕೀಮೋ ಗುಂಪಿನಲ್ಲಿ ಶೇ 39. ಒಟ್ಟಾರೆ ಬದುಕಿದ್ದವರು ಶೇ 71.3 ಮತ್ತು ಶೇ 58.4.

ಇಷ್ಟೇ ಓದಿದರೆ ಹೊಸ ಔಷಧ ಕ್ಯಾನ್ಸರ್ ಕಣವನ್ನು ಜಾಸ್ತಿ ಕೊಂದಿತು, ಅದಕ್ಕೇ ಗೆದ್ದಿತು ಅನ್ನಿಸುತ್ತದೆ. ಅದು ಅರ್ಧ ಕಥೆ. ಎಂ.ಆರ್.ಡಿ. ಚೆನ್ನಾಗಿ ಇಳಿಸಿದ್ದು ಬ್ಲಿನಾನೇ, ನಿಜ. ಉಳಿದ ಅರ್ಧ ಕಥೆ ಅಡ್ಡ ಪರಿಣಾಮದ ಪಟ್ಟಿಯಲ್ಲಿದೆ. ಗಂಭೀರ ಸೋಂಕು ಕೀಮೋ ಗುಂಪಿನಲ್ಲಿ ಶೇ 65, ಬ್ಲಿನಾ ಗುಂಪಿನಲ್ಲಿ ಶೇ 15. ಬಿಳಿ ಕಣ ಬಿದ್ದು ಬರುವ ಜ್ವರ ಶೇ 58ಕ್ಕೆ ಎದುರು ಶೇ 5. ಸೋಂಕು ರಕ್ತಕ್ಕೇರಿ ಸೆಪ್ಸಿಸ್ ಆದವರು ಶೇ 27ಕ್ಕೆ ಎದುರು ಶೇ 2. ಬಾಯಿ, ಗಂಟಲು ಹುಣ್ಣಾಗಿ ನೀರೂ ಇಳಿಯದಂತಾದವರು ಕೀಮೋ ಗುಂಪಿನಲ್ಲಿ ಶೇ 28, ಬ್ಲಿನಾ ಗುಂಪಿನಲ್ಲಿ ಹೆಚ್ಚು ಕಡಿಮೆ ಯಾರೂ ಇಲ್ಲ. ಕೀಮೋ ಗುಂಪಿನಲ್ಲಿ ಸೋಂಕಿನಿಂದಲೇ ಜೀವ ಹೋದವರೂ ಇದ್ದರು.

ಈಗ ಇನ್ನೊಂದು ಲೆಕ್ಕ ನೋಡಿ. ಬ್ಲಿನಾ ಗುಂಪಿನ 105ರಲ್ಲಿ 74 ಮಂದಿ ಚಿಕಿತ್ಸೆ ಮುಗಿಸಿ ಟ್ರಾನ್ಸ್‌ಪ್ಲಾಂಟ್ ತಲುಪಿದರು. ಕೀಮೋ ಗುಂಪಿನ 103ರಲ್ಲಿ ತಲುಪಿದವರು 44. ನನಗೆ ಇಡೀ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ಕೀಮೋ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ, ಯಾವ ಟ್ರಾನ್ಸ್‌ಪ್ಲಾಂಟ್‌ಗಾಗಿ ಇಷ್ಟೆಲ್ಲ ಅನುಭವಿಸಿದರೋ, ಅದರ ಬಾಗಿಲಿಗೇ ಬರಲಿಲ್ಲ. ಕೆಲವರ ಕಾಯಿಲೆ ಬಗ್ಗಲಿಲ್ಲ. ಕೆಲವರ ಮೈ ತಡೆಯಲಿಲ್ಲ. ಹೊಳೆ ದಾಟಬೇಕು, ದೋಣಿ ಇದೆ, ಆದರೆ ದೋಣಿಯ ತನಕ ನಡೆಯಲು ಕಾಲಲ್ಲಿ ಶಕ್ತಿ ಉಳಿದಿಲ್ಲ. ಬ್ಲಿನಾ ಆ ನಡೆಯುವ ಶಕ್ತಿಯನ್ನು ಉಳಿಸಿಕೊಟ್ಟಿತು.

ಹಾಗಾದರೆ ಇದು ಸಾಬೀತಾಯಿತಾ?

ಇಲ್ಲಿ ಸ್ವಲ್ಪ ನಿಧಾನಿಸಬೇಕು. ವರದಿಯ ಕೊನೆಯಲ್ಲಿ ಒಂದು ಮಾತಿದೆ: ಕಾಯಿಲೆ ಬಾರದೆ ಬದುಕಿದವರ ಲೆಕ್ಕದಲ್ಲಿ ಎರಡು ಗುಂಪಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ಅರ್ಥದಲ್ಲಿ ಸಾಬೀತಾಗಲಿಲ್ಲ ಅಂತ. ಶೇ 54 ಎಲ್ಲಿ, ಶೇ 39 ಎಲ್ಲಿ, ಸಾಬೀತಾಗಲಿಲ್ಲ ಅಂದರೆ ಏನರ್ಥ?

ಪರೀಕ್ಷೆ ಶುರುವಾಗುವ ಮೊದಲೇ ಒಂದು ಗೆರೆ ಎಳೆದಿರುತ್ತಾರೆ. ಈ ವ್ಯತ್ಯಾಸ ಸುಮ್ನೆ ಅದೃಷ್ಟದಿಂದ ಬಂದಿರುವ ಸಾಧ್ಯತೆ ಇಷ್ಟಕ್ಕಿಂತ ಕಡಿಮೆ ಇದ್ದರೆ ಮಾತ್ರ ನಂಬುತ್ತೇವೆ ಅಂತ. ಇಲ್ಲಿ ಗೆರೆ 0.025. ಬಂದ ಅಂಕಿ 0.03. ಕೂದಲೆಳೆಯಷ್ಟು ಹೊರಗೆ. ಇದಕ್ಕೆ ಕಾರಣ ನೇರವಾಗಿಯೇ ಇದೆ. ಕಾಯಿಲೆ ಮರಳುವುದು ಅಥವಾ ಸಾವು, ಇಂಥ 131 ಘಟನೆಗಳಾದ ಮೇಲೆ ತೀರ್ಮಾನಿಸಬೇಕು ಅಂತ ಇತ್ತು. ನಿಲ್ಲಿಸಿದಾಗ ಆಗಿದ್ದು 80. ಜೊತೆಗೆ ನಿಲ್ಲಿಸಲು ಮೊದಲೇ ಬರೆದಿಟ್ಟ ನಿಯಮದ ಮಟ್ಟವನ್ನೂ ಅಂಕಿಗಳು ಮುಟ್ಟಿರಲಿಲ್ಲ. ಸಮಿತಿ ಬದುಕಿನ ಲೆಕ್ಕ, ಎಂ.ಆರ್.ಡಿ., ಸೋಂಕು, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ ನಿಲ್ಲಿಸಲು ಹೇಳಿತು.

ಇದು ಸರಿಯಾ ಅಂತ ಪ್ರಶ್ನೆ ಮಾಡಿದವರಿದ್ದಾರೆ. ಪೂರ್ತಿ ನಡೆಸಿದ್ದರೆ ಗಟ್ಟಿ ಉತ್ತರ ಸಿಗುತ್ತಿತ್ತು, ಮುಂದೆ ಸಾವಿರಾರು ಮಕ್ಕಳಿಗೆ ಉಪಯೋಗವಾಗುತ್ತಿತ್ತು ಅನ್ನುವುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಆದರೂ ನಿಲ್ಲಿಸಿದ್ದೇ ಸರಿ ಅಂತ ನನ್ನ ಮನಸ್ಸು ಹೇಳುತ್ತದೆ. 131 ಅನ್ನುವ ಗುರಿ ಮುಟ್ಟಬೇಕಾದರೆ ಇನ್ನೂ 51 ಮನೆಗಳಲ್ಲಿ ಕಾಯಿಲೆ ಮರಳಬೇಕಿತ್ತು ಅಥವಾ ಒಂದು ಜೀವ ಹೋಗಬೇಕಿತ್ತು. ಅಷ್ಟು ಹೊತ್ತಿಗೆ ಯಾವ ಕಡೆ ಗಾಳಿ ಬೀಸುತ್ತಿದೆ ಅಂತ ಸಮಿತಿಗೆ ಕಂಡಾಗಿತ್ತು. ಕಂಡ ಮೇಲೂ ಇನ್ನೊಂದು ಮಗುವಿನ ಹೆಸರಿಗೆ ಚೀಟಿ ಎತ್ತುವುದು ಹೇಗೆ?

ಪುಣ್ಯಕ್ಕೆ ಈ ವರದಿ ಒಂಟಿಯಾಗಿ ಬರಲಿಲ್ಲ. ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ 13 ದೇಶಗಳ ಇನ್ನೊಂದು ಪರೀಕ್ಷೆಯ ವರದಿ ಇತ್ತು. ಇಟಲಿಯ ಫ್ರಾಂಕೊ ಲೊಕಾಟೆಲ್ಲಿ ಅದರ ಮುಖ್ಯಸ್ಥರು. 108 ಮಕ್ಕಳು, ಒಂದೊಂದು ಕಡೆ 54. ಅಲ್ಲಿ ಮೂರನೇ ಸುತ್ತಿನ ಕೀಮೋ ಬದಲಿಗೆ ಒಂದೇ ಸುತ್ತು ಬ್ಲಿನಾ ಕೊಟ್ಟರು. ಕಾಯಿಲೆ ಮರಳಿದ್ದು, ಸಾವು ಇತ್ಯಾದಿ ಬ್ಲಿನಾ ಕಡೆ ಶೇ 31, ಕೀಮೋ ಕಡೆ ಶೇ 57. ಅದನ್ನೂ ಬೇಗ ನಿಲ್ಲಿಸಿದರು, ಆದರೆ ಅಲ್ಲಿನ ವ್ಯತ್ಯಾಸ ಗೆರೆಯೊಳಗೇ ಇತ್ತು. ಒಂದು ಸಾಕ್ಷಿ ಸ್ವಲ್ಪ ತೊದಲಿದರೂ ಎರಡನೆಯದು ಅದೇ ಮಾತು ಹೇಳಿದರೆ ನಂಬಿಕೆ ಬರುತ್ತದೆ.

ಹೊಸದು ಎಲ್ಲಿ ಕೈಕೊಡುತ್ತದೆ

ಬ್ಲಿನಾ ಎಲ್ಲರಿಗೂ ಆಗುವುದಿಲ್ಲ. ಟಿ ಕಣದ ರಕ್ತ ಕ್ಯಾನ್ಸರಿನಲ್ಲಿ ಸಿ.ಡಿ.19 ಗುರುತೇ ಇರುವುದಿಲ್ಲ, ಹಾಗಾಗಿ ಅಲ್ಲಿ ಇದು ಕೆಲಸಕ್ಕೆ ಬಾರದು. ಮೈ ತುಂಬ ಕಾಯಿಲೆ ಇರುವಾಗ ಇದೊಂದನ್ನೇ ಕೊಟ್ಟರೂ ಸಾಲದು. 2016ರ ಒಂದು ವರದಿಯಲ್ಲಿ, ಕೈಮೀರಿದ ಕಾಯಿಲೆಯ 70 ಮಕ್ಕಳಿಗೆ ಬ್ಲಿನಾ ಮಾತ್ರ ಕೊಟ್ಟಾಗ ಎರಡು ಸುತ್ತಿನೊಳಗೆ ಕಾಯಿಲೆ ಅಡಗಿದ್ದು ಶೇ 39 ಮಂದಿಗೆ. 1331ರಲ್ಲಿ ಹಾಗೆ ಮಾಡಲಿಲ್ಲ, ಮೊದಲು ನಾಲ್ಕು ವಾರ ಹಳೆಯ ಔಷಧದಿಂದ ರಾಶಿ ಕರಗಿಸಿ, ಉಳಿದ ಚೂರಿಗೆ ಬ್ಲಿನಾ ಬಿಟ್ಟರು. ಹಳೆಯದರ ಹೆಗಲ ಮೇಲೆ ನಿಂತೇ ಹೊಸದು ಗೆದ್ದದ್ದು.

1331ರ ಕಡಿಮೆ ಅಪಾಯದ ಗುಂಪಿನ ವರದಿ 2023ರಲ್ಲಿ ಬಂತು. ಕಾಯಿಲೆ ತಡವಾಗಿ ಮರಳಿ, ಮೊದಲ ತಿಂಗಳಲ್ಲೇ ಚೆನ್ನಾಗಿ ಬಗ್ಗಿದ 255 ಮಂದಿ ಇವರು. ಮಜ್ಜೆಗೆ ಮರಳಿದವರಲ್ಲಿ ಕೀಮೋ ಜೊತೆ ಬ್ಲಿನಾ ಸೇರಿಸಿದಾಗ ನಾಲ್ಕು ವರ್ಷಕ್ಕೆ ಕಾಯಿಲೆ ಇಲ್ಲದೆ ಇದ್ದವರು ಶೇ 72.7, ಕೀಮೋ ಮಾತ್ರ ಪಡೆದವರಲ್ಲಿ ಶೇ 53.7. ಆದರೆ ಮಿದುಳಿನ ನೀರಿಗೋ ವೃಷಣಕ್ಕೋ ಮಾತ್ರ ಮರಳಿದವರಲ್ಲಿ ಶೇ 36.6 ಮತ್ತು ಶೇ 38.8. ಏನೂ ಲಾಭವಾಗಲಿಲ್ಲ. ಅಂಥ ಮೂಲೆಗಳಿಗೆ ಈ ಔಷಧ ಸರಿಯಾಗಿ ತಲುಪುವುದಿಲ್ಲ. ಮಗುವಿಗೆ ಅಲ್ಲಿ ಮಾತ್ರ ಮರಳಿದ್ದರೆ, ಬ್ಲಿನಾ ಸಿಗಲಿಲ್ಲ ಅಂತ ಕೊರಗುವ ಅಗತ್ಯ ಇಲ್ಲ.

ಇನ್ನೊಂದು ವಿಷಯ ನೆನಪಿಗೆ ಬರುತ್ತದೆ. ಇವತ್ತು ನಾವು ಹಳೆಯದು ಅನ್ನುವ ಆ ನೀಲಿ ಔಷಧ ಒಂದು ಕಾಲಕ್ಕೆ ಹೊಸದಾಗಿತ್ತು. ಬ್ರಿಟನ್ನಿನ ಪರೀಕ್ಷೆಯಲ್ಲಿ ಅದನ್ನು ಇಡಾರುಬಿಸಿನ್ ಎಂಬ ಇನ್ನೊಂದು ಕೀಮೋ ಔಷಧದ ಎದುರು ನಿಲ್ಲಿಸಿದ್ದರು. ಮೂರು ವರ್ಷಕ್ಕೆ ಕಾಯಿಲೆ ಮುಂದುವರಿಯದೆ ಇದ್ದವರು ಇಡಾರುಬಿಸಿನ್ ಕಡೆ ಶೇ 35.9, ಮೈಟೋಕ್ಸಾಂಟ್ರೋನ್ ಕಡೆ ಶೇ 64.6. 2010ರಲ್ಲಿ ಆ ವರದಿ ಬಂತು. ಆ ಪರೀಕ್ಷೆಯಲ್ಲೂ ಚೀಟಿ ಎತ್ತುವುದನ್ನು ನಡುವೆಯೇ ನಿಲ್ಲಿಸಿದ್ದರು.

ಈಗ ಬ್ಲಿನಾ ಕಾಯಿಲೆ ಮರಳುವ ತನಕ ಕಾಯುತ್ತಿಲ್ಲ. ಮೊದಲ ಸಲವೇ ಕಾಯಿಲೆ ಪತ್ತೆಯಾದ 1,440 ಮಕ್ಕಳ ಪರೀಕ್ಷೆಯ ಫಲ 2024ರ ಡಿಸೆಂಬರಿನಲ್ಲಿ ಹೊರಬಂತು. ಕೀಮೋಗೆ ಬ್ಲಿನಾ ಸೇರಿಸಿದಾಗ ಮೂರು ವರ್ಷಕ್ಕೆ ಕಾಯಿಲೆ ಇಲ್ಲದವರು ಶೇ 96, ಸೇರಿಸದಿದ್ದಾಗ ಶೇ 87.9. ಮರಳುವುದನ್ನೇ ತಡೆಯುವುದು ಎಲ್ಲಕ್ಕಿಂತ ಒಳ್ಳೆಯದು, ಅಲ್ವಾ.

ನಮ್ಮ ಕಡೆ

ಕರ್ನಾಟಕದ ಒಂದು ಮನೆಗೆ ಇದೆಲ್ಲ ಹೇಗೆ ಅನ್ವಯವಾಗುತ್ತದೆ? ದುಡ್ಡಿನ ಮಾತು ಮೊದಲು. 2014ರಲ್ಲಿ ಅಮೆರಿಕದಲ್ಲಿ ಬಂದಾಗ ಬ್ಲಿನಾದ ಎರಡು ಸುತ್ತಿಗೆ ಸುಮಾರು 1,78,000 ಡಾಲರ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸೋಂಕಿನ ಭಯ ಜಾಸ್ತಿ ಇರುವುದು ನಮ್ಮಲ್ಲೇ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಮಗುವನ್ನು ಕರೆತಂದು, ಬೆಂಗಳೂರಿನ ಆಸ್ಪತ್ರೆಯ ಹತ್ತಿರ ಬಾಡಿಗೆ ಕೋಣೆಯಲ್ಲಿ ಇದ್ದುಕೊಂಡು, ಕೌಂಟ್ ಬಿದ್ದ ಮಗುವನ್ನು ಧೂಳಿನಿಂದ, ನೀರಿನಿಂದ, ಜನಸಂದಣಿಯಿಂದ ಕಾಪಾಡಬೇಕು. ಸೋಂಕು ಕಡಿಮೆ ಮಾಡುವ ಔಷಧದಿಂದ ಅತಿ ಹೆಚ್ಚು ಉಪಕಾರ ಆಗಬೇಕಾದವರು ಇವರೇ. ಅವರ ಕೈಗೇ ಅದು ಎಟುಕುತ್ತಿಲ್ಲ. ಈ ಅನ್ಯಾಯವನ್ನು ಬಾಯಿಬಿಟ್ಟು ಹೇಳಲೇಬೇಕು.

ಕಾರ್ ಟಿ ಚಿಕಿತ್ಸೆಯ ಬಗ್ಗೆಯೂ ಜನ ಕೇಳುತ್ತಾರೆ. ಮಗುವಿನದೇ ಟಿ ಕಣ ತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ವಾಪಸ್ ಕೊಡುವ ದಾರಿ ಅದು. ಅಮೆರಿಕದಲ್ಲಿ 2017ರ ಆಗಸ್ಟಿನಲ್ಲಿ ಮೊದಲ ಅನುಮತಿ ಸಿಕ್ಕಿತು, ಬೆಲೆ 4,75,000 ಡಾಲರ್. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ 75 ಮಂದಿಯ ಪೈಕಿ ಶೇ 81 ಜನರ ಕಾಯಿಲೆ ಮೂರು ತಿಂಗಳೊಳಗೆ ಅಡಗಿತು. ಮುಂಬೈನ ಐ.ಐ.ಟಿ. ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅನುಮತಿ ಬಂತು, ಬೆಲೆಯೂ ಅಮೆರಿಕದ್ದಕ್ಕಿಂತ ಬಹಳ ಕಡಿಮೆ. ಆದರೆ ಆ ಅನುಮತಿ 15 ವರ್ಷ ಮೇಲ್ಪಟ್ಟವರಿಗೆ. ಒಂಬತ್ತು ವರ್ಷದ ಮಗುವಿಗೆ ಅದು ನೇರವಾಗಿ ಉತ್ತರವಲ್ಲ.

ಕಾಯಿಲೆ ಮರಳಿದೆ ಅಂತ ಕೇಳಿ ಕೂತ ಅಪ್ಪ ಅಮ್ಮ ಡಾಕ್ಟರ ಹತ್ತಿರ "ಹೊಸದು ಕೊಡ್ತೀರಾ?" ಅಂತ ಕೇಳುವುದು ಸಹಜ. ಅದರ ಜೊತೆಗೆ ಇನ್ನಷ್ಟು ಕೇಳಿ. ಎಷ್ಟನೇ ತಿಂಗಳಿಗೆ ಮರಳಿದೆ? ಮಜ್ಜೆಗೋ, ಬೇರೆ ಕಡೆಗೋ? ನಾಲ್ಕು ವಾರದ ಕೊನೆಗೆ ಎಂ.ಆರ್.ಡಿ. ಎಷ್ಟು ಬಂತು? ಟ್ರಾನ್ಸ್‌ಪ್ಲಾಂಟ್ ಬೇಕಾದರೆ ಅಣ್ಣನದೋ ತಂಗಿಯದೋ ಮ್ಯಾಚ್ ಆಗುತ್ತದಾ ಅಂತ ಈಗಲೇ ನೋಡಬಹುದಾ? ಬ್ಲಿನಾ ಸಿಗದಿದ್ದರೆ, ಕೀಮೋ ಸುತ್ತುಗಳ ನಡುವೆ ಜ್ವರ ಬಂದಾಗ ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಯಾವ ವಾರ್ಡಿಗೆ ಬರಬೇಕು? ಈ ಕೊನೆಯ ಪ್ರಶ್ನೆ ಚಿಕ್ಕದು ಅನ್ನಿಸಬಹುದು. 65 ಮತ್ತು 15ರ ಆ ಲೆಕ್ಕ ನೋಡಿದವರಿಗೆ ಚಿಕ್ಕದು ಅನ್ನಿಸುವುದಿಲ್ಲ. ಕೀಮೋದಲ್ಲಿ ಇರುವ ಮಗುವಿಗೆ ಜ್ವರ ಬಂದರೆ, ಬೆಳಗಾಗಲಿ ನೋಡೋಣ ಅಂತ ಕಾಯಬಾರದು.

ಹಾಗೇ ಮ್ಯಾರೋ ಪರೀಕ್ಷೆಯ ಫ್ಲೋ ರಿಪೋರ್ಟಿನಲ್ಲಿ, ಅಂದರೆ ಕಣಗಳ ಮೇಲಿನ ಗುರುತು ಹೇಳುವ ಹಾಳೆಯಲ್ಲಿ, ಸಿ.ಡಿ.19 ಎಂಬ ಸಾಲು ಇರುತ್ತದೆ. ಇದೆ ಅಥವಾ ಇಲ್ಲ ಅಂತ ಬರೆದಿರುತ್ತಾರೆ. ಬ್ಲಿನಾ ಆಗಲಿ, ಕಾರ್ ಟಿ ಆಗಲಿ, ಮುಂದೆ ಯಾವ ಊರಿನ ಯಾವ ಡಾಕ್ಟರನ್ನು ಕಂಡರೂ ಅವರು ಮೊದಲು ಹುಡುಕುವುದು ಆ ಸಾಲನ್ನೇ. ಆ ರಿಪೋರ್ಟಿನ ಒಂದು ಪ್ರತಿ ಕೇಳಿ ತೆಗೆದುಕೊಂಡು ಮಗುವಿನ ಫೈಲಿನಲ್ಲಿ ಇಟ್ಟುಕೊಳ್ಳಿ.